ನಮೂನೆಗೊಂದು ಕಣ್ಣು

ಪುಣೆಯ ಸದಾಶಿವ ಪೇಠದ ಇಕ್ಕಟ್ಟು ಓಣಿಯೊಂದರಲ್ಲಿ ಇಳಕಲ್ ಸೀರೆಯ ಅಂಗಡಿ ಇಟ್ಟುಕೊಂಡಿದ್ದ ರಾಮಲಿಂಗಪ್ಪನಿಗೆ ತನ್ನ ಕಣ್ಣಿನ ಮೇಲೆ ಇದ್ದಷ್ಟು ಭರವಸೆ ದೇವರ ಮೇಲೂ ಇರಲಿಲ್ಲ. ದೇವರಿಗಾದರೆ ಅಂಗಡಿ ಬಾಗಿಲು ತೆಗೆಯುವಾಗ ದಿನಾ ಒಮ್ಮೆ ಕೈಮುಗಿದು ನೆನಪು ಮಾಡಿಕೊಡುತ್ತಿದ್ದ. ಕಣ್ಣಿಗೆ ಅದೂ ಬೇಕಾಗಿರಲಿಲ್ಲ. ಗುಳೇದಗುಡ್ಡದಿಂದ ಅಪ್ಪನ ಬೆನ್ನಹಿಂದೆ ಪುಣೆಗೆ ಬಂದಾಗಿನಿಂದ ಅರವತ್ತು ದಾಟುವತನಕ ಅವನು ಮಾಡಿಕೊಂಡು ಬಂದದ್ದು ಒಂದೇ ಕೆಲಸ, ಬಣ್ಣ ನೋಡುವುದು. ದಾಳಿಂಬೆ ಬಣ್ಣ ಎಲ್ಲಿಗೆ ಮುಗಿದು ಕುಂಕುಮ ಎಲ್ಲಿಂದ ಶುರುವಾಗುತ್ತದೆ ಎಂಬ ತಕರಾರು ಬಂದರೆ ಅಕ್ಕಪಕ್ಕದ ಮರಾಠಿ ಅಂಗಡಿಯವರೂ ಸೀರೆ ಹಿಡಿದುಕೊಂಡು ಇವನ ಗಾದಿಗೆ ಬರುತ್ತಿದ್ದರು. ಇವನು ಹೇಳಿದ್ದೇ ಕೊನೆಯ ಮಾತು.

ಹಾಗಾಗಿ ಎರಡು ಸಾವಿರದ ಆರನೆಯ ಇಸವಿಯ ಮಳೆಗಾಲ ಮುಗಿಯುವ ಹೊತ್ತಿಗೆ, ಊರ ಹೊರವಲಯದ ನಿಗಡಿಯಿಂದ ಬಂದ ಅವ್ವಣ್ಣ ಎಂಬ ಮುದುಕ ಗಾದಿಯ ಮೇಲೆ ಒಂದು ಸೀರೆ ಹಾಕಿ, ಇದು ಬಿಳಿಯದು ಎಂದಾಗ ರಾಮಲಿಂಗಪ್ಪನಿಗೆ ಸಿಟ್ಟು ಬರಲಿಲ್ಲ. ಪಾಪ ಅನ್ನಿಸಿತು.

ಅವ್ವಣ್ಣ ಕಲಬುರಗಿ ಕಡೆಯವನು. ಆಕುರ್ಡಿಯ ಕಾರ್ಖಾನೆಯೊಂದರಲ್ಲಿ ದುಡಿದು ನಿವೃತ್ತನಾದವನು. ಒಂದೆರಡು ತಿಂಗಳ ಹಿಂದೆ ಮೊಮ್ಮಗಳಿಗೆ ಅರಿಷಿಣ ಹಚ್ಚುವ ಶಾಸ್ತ್ರಕ್ಕೆಂದು ಹಳದಿ ಸೀರೆ ಕೇಳಿಕೊಂಡು ಬಂದಿದ್ದ. ಅಂದು ಅಂಗಡಿಯಲ್ಲಿ ರಾಮಲಿಂಗಪ್ಪ ಒಬ್ಬನೇ ಇದ್ದ. ತಮ್ಮ ಮಾಂತು ಮಾಲು ತರಲು ಇಳಕಲ್ಲಿಗೆ ಹೋಗಿದ್ದ. ರಾಮಲಿಂಗಪ್ಪ ಕಪಾಟಿನಿಂದ ಒಂದು ಸೀರೆ ಎಳೆದು, "ಅರಿಷಿಣ ಅಂದ್ರ ಇದು" ಎಂದಿದ್ದ. ಅವ್ವಣ್ಣ ಬಾಗಿಲ ಬೆಳಕಿಗೆ ಹಿಡಿದು, "ಅಗದೀ ಹಸಿ ಅರಿಷಿಣ ನೋಡ್ರಿ" ಎಂದು ಒಪ್ಪಿದ್ದ. ಇಬ್ಬರು ತಿಳಿದವರು ಒಂದು ಮಾತಿಗೆ ಬಂದ ಸಂತೋಷದಲ್ಲಿ ಚಹಾ ಕುಡಿದು ಬೀಳ್ಕೊಂಡಿದ್ದರು. ಶಾಸ್ತ್ರದ ದಿನ ನಿಗಡಿಯಲ್ಲಿ ಪೊಟ್ಟಣ ಬಿಚ್ಚಿದಾಗ ಮದುಮಗಳ ಅಜ್ಜಿ ಅಲ್ಲೇ ನೆಲಕ್ಕೆ ಕೂತಳಂತೆ. ಸೀರೆ ಹಾಲಿನಷ್ಟು ಬೆಳ್ಳಗಿತ್ತು. ಮುದುಕನ ತಲೆ ಕೆಟ್ಟಿದೆಯೋ ಕಣ್ಣು ಕೆಟ್ಟಿದೆಯೋ ಎಂದು ಮನೆಯವರು ವಿಚಾರ ಮಾಡಿ, ಕಣ್ಣಿನಿಂದ ಶುರುಮಾಡಿದರು. ಎರಡೂ ಕಣ್ಣಲ್ಲಿ ಪೊರೆ ಬಲಿತಿತ್ತು. ತೆಗೆಸಿ ಹೊಸ ಲೆನ್ಸ್ ಹಾಕಿಸಿದರು. ಆ ಹೊಸ ಕಣ್ಣು ತೋರಿಸಲಿಕ್ಕೇ ಅವನು ಈಗ ಬಂದಿದ್ದ.

"ಇದು ಬಿಳೀದು ಯಜಮಾನ್ರ" ಎಂದ ಅವ್ವಣ್ಣ.

"ಅರಿಷಿಣ ಅದ" ಎಂದ ರಾಮಲಿಂಗಪ್ಪ.

"ನಾನೂ ಹಂಗ ಅಂದಿದ್ದೆ. ನನ್ನ ಕಣ್ಣಾಗ ಮೋತಿಬಿಂದು ಇತ್ತು. ನಿಮ್ಮ ಕಣ್ಣಾಗ ಇನ್ನೂ ಅದ."

ರಾಮಲಿಂಗಪ್ಪ ಮಾಂತುವನ್ನು ಕರೆದ. ಜೀವಮಾನದಲ್ಲಿ ಅಣ್ಣನ ಮಾತಿಗೆ ಎದುರಾಡದ ಮಾಂತು ಸೀರೆ ನೋಡಿದ, ಅಣ್ಣನನ್ನು ನೋಡಿದ, ತಲೆಯ ಮೇಲಿನ ಫ್ಯಾನು ನೋಡಿದ. "ಚಹಾ ಹೇಳ್ಲೇನ್ ಅಣ್ಣಾ?" ಎಂದ.

ಅಷ್ಟರಲ್ಲೇ ರಾಮಲಿಂಗಪ್ಪನಿಗೆ ಎಲ್ಲ ತಿಳಿಯಿತು.

ಮರುವಾರ ಗಂಡಹೆಂಡತಿ ಕರ್ವೆ ರಸ್ತೆಯ ಕಣ್ಣಿನ ದವಾಖಾನೆಗೆ ಹೋದರು. ಜೊತೆಗೆ ಬಂದಿದ್ದ ಹೆಂಡತಿ ಶಿವಗಂಗವ್ವನ ಕಣ್ಣಿಗೂ ಡಾಕ್ಟರು ಸುಮ್ಮನೆ ದೀಪ ಬಿಟ್ಟು ನೋಡಿ, ಯಜಮಾನರಿಗಿಂತ ನಿಮ್ಮದೇ ಹೆಚ್ಚು ಬಲಿತಿದೆ ಎಂದು ಮರಾಠಿಯಲ್ಲಿ ಹೇಳಿದರು. ಇಬ್ಬರನ್ನೂ ಪಕ್ಕದ ಕೋಣೆಗೆ ಕಳಿಸಿದರು. ಅಲ್ಲಿ ಸ್ವರ್ಣಲತಾ ಎಂಬ ಸೋಲಾಪುರದ ಹುಡುಗಿ ಇದ್ದಳು. ಕಣ್ಣಿನ ಸ್ವಂತ ಮಸೂರ ತೆಗೆದ ಮೇಲೆ ಅದರ ಜಾಗಕ್ಕೆ ಯಾವ ಲೆನ್ಸ್ ಕೂರಿಸಬೇಕು ಎಂದು ರೋಗಿಗಳಿಗೆ ಬಿಡಿಸಿ ಹೇಳುವುದೇ ಅವಳ ನೌಕರಿ. ಇವರ ಮಾತಿನ ಧಾಟಿ ಕೇಳಿ ಅವಳು ಕನ್ನಡಕ್ಕೆ ತಿರುಗಿದಳು. ಮಖಮಲ್ ಹಾಸಿದ ಒಂದು ತಟ್ಟೆಯನ್ನು ಮುಂದಿಟ್ಟಳು. ಅದರಲ್ಲಿ ಅಕ್ಕಿಕಾಳಿಗಿಂತ ತುಸು ದೊಡ್ಡವು, ಮೀನಿನ ಹುರುಪೆಯಂಥ ಲೆನ್ಸುಗಳು.

ತಟ್ಟೆ ಕಂಡದ್ದೇ ರಾಮಲಿಂಗಪ್ಪ ಕುರ್ಚಿಯಲ್ಲಿ ಸರಿಯಾಗಿ ಕೂತ. ನಲವತ್ತು ವರ್ಷ ಗಾದಿಯ ಆ ಕಡೆ ಕೂತವನು ಮೊದಲ ಸಲ ಈ ಕಡೆ ಬಂದಿದ್ದ. ಗಿರಾಕಿಗಳು ಏನೇನು ಮಾಡುತ್ತಾರೆ ಎಂಬುದು ಅವನಿಗೆ ಬಾಯಿಪಾಠ. ಮೊದಲು ತೋರಿಸಿದ್ದನ್ನು ಮೆಚ್ಚಬಾರದು. ಎರಡನೆಯದನ್ನು ಮುಟ್ಟಬಾರದು.

"ಇದರಾಗ ಇನ್ನೊಂದ್ ಸ್ವಲ್ಪ ಬ್ಯಾರೆ ತೋರಸವ್ವಾ" ಎಂದ.

"ಇದು ನೋಡ್ರಿ ಕಾಕಾ, ಮಡಚೂ ಲೆನ್ಸ್. ಸಣ್ಣ ತೂತು ಮಾಡಿ ಒಳಗ ಬಿಡ್ತಾರ. ಒಳಗ ಹೋಗಿ ತಾನ ಬಿಚ್ಚಿಕೊಂತದ."

"ಮಡಿಕಿ ಬೀಳೂದಿಲ್ಲಾ?"

"ಏನ್ರಿ?"

"ಮಡಿಕಿ. ರೇಷ್ಮಿ ಸೀರಿ ಮಡಚಿ ಇಟ್ರ ಮಡಿಕಿ ಮ್ಯಾಲೆ ಸೀಳ್ತದ. ಅದಕ್ಕ ನಾವು ಆಗಾಗ ತಗದು ಮಡಿಕಿ ತಿರುವಿ ಇಡ್ತೀವಿ. ಇದು ಕಣ್ಣಾಗ ಹೋದ ಮ್ಯಾಲೆ ತಿರುವವ್ರು ಯಾರು? ನಡುವ ಒಂದ್ ಗೆರಿ ಬಿತ್ತಂದ್ರ ಜಗತ್ತೆಲ್ಲಾ ಎರಡು ತುಂಡು ಕಾಣ್ತದ."

ಸ್ವರ್ಣಲತಾ ಒಳಗೆ ಹೋಗಿ ಡಾಕ್ಟರನ್ನು ಕೇಳಿ ಬಂದಳು. "ಬೀಳೂದಿಲ್ಲಂತ್ರಿ."

"ಅವರು ಅರಿವಿ ವ್ಯಾಪಾರ ಮಾಡ್ಯಾರೇನು?"

ಹುಡುಗಿ ಆ ಮಾತು ಬಿಟ್ಟು ಮುಂದಿನದಕ್ಕೆ ಹೋದಳು. ಕನ್ನಡಕ ಇಲ್ಲದೆ ದೂರದ್ದು ಕಾಣುವಂಥದು ಬೇಕೋ ಹತ್ತಿರದ್ದು ಕಾಣುವಂಥದು ಬೇಕೋ ಎಂದಳು. ರಾಮಲಿಂಗಪ್ಪ, ಸೀರೆ ಹತ್ತಿರ ಇರುತ್ತದೆ, ಗಿರಾಕಿ ದೂರದಿಂದ ಬರುತ್ತದೆ ಎಂದ. ಕೊನೆಗೆ ಅವಳು ಎರಡು ಲೆನ್ಸನ್ನು ಜೋಡಿಯಾಗಿ ಇಟ್ಟಳು. ಒಂದು ನೀರಿನಂತೆ ತಿಳಿ. ಇನ್ನೊಂದಕ್ಕೆ ಹಳದಿಯ ಛಾಯೆ. ಈಗ ಹಳದಿಯದೂ ಬಂದಿದೆ, ಕಣ್ಣಿಗೆ ತಂಪು ಎಂದಳು.

"ಹಳದೀದು ಹಾಕಿದ್ರ ಬಿಳೀದು ಹೆಂಗ ಕಾಣ್ತದ?"

"ಬಿಳೀದ ಕಾಣ್ತದ್ರಿ."

"ಹಳದಿ ಗಾಜಿನಾಗಿಂದ ನೋಡಿದವಂಗ ಬಿಳೀದು ಬಿಳೀದ ಕಾಣ್ತದ. ನನಗ ಗಾಜ ಇಲ್ಲದ ಹಳದಿ ಕಾಣ್ತದ. ಇದು ವಿಚಾರ ಮಾಡೂ ಮಾತದ" ಎಂದು ರಾಮಲಿಂಗಪ್ಪ ಎದ್ದು ನಿಂತ. ನಲವತ್ತು ವರ್ಷ ಕೇಳಿ ಕೇಳಿ ಹೊಟ್ಟೆ ಉರಿಸಿಕೊಂಡಿದ್ದ ಮಾತು ತನ್ನ ಬಾಯಿಂದಲೇ ಹೊರಬಿತ್ತು. "ಮನ್ಯಾಗ ಕೇಳಿ ಬರ್ತೀವಿ."

ಮನೆಯಾಕೆ ಪಕ್ಕದಲ್ಲೇ ಕೂತಿದ್ದಳು.

ಮೈಮೇಲೆ ಹಾಕಿ ನೋಡದೆ ಮಾಲು ಕೊಳ್ಳಬಾರದು ಎಂಬುದು ರಾಮಲಿಂಗಪ್ಪನ ವ್ಯಾಪಾರದ ಮೊದಲ ಪಾಠ. ಲೆನ್ಸನ್ನು ತಾನು ಹಾಕಿ ನೋಡುವಂತಿಲ್ಲ, ಹಾಕಿಕೊಂಡವರನ್ನು ನೋಡಬಹುದಲ್ಲ. ಅವನು ಮುಂಜಾನೆ ದವಾಖಾನೆಯ ಹೊರಗಿನ ಬೆಂಚಿನ ಮೇಲೆ ಹೋಗಿ ಕೂತು, ಕಣ್ಣಿಗೆ ಕಪ್ಪು ಕನ್ನಡಕ ಹಾಕಿಕೊಂಡು ಹೊರಬರುವ ಹಿರಿಯರನ್ನು ಮಾತಿಗೆಳೆಯತೊಡಗಿದ. ಹಾಗೆ ಇಬ್ಬರು ಸಿಕ್ಕರು. ಅಂಚೆ ಕಚೇರಿಯಲ್ಲಿ ನೌಕರಿ ಮಾಡಿದ್ದ ಮಾರ್ತಾಂಡ ಜೋಶಿ ಹತ್ತಿರದ ಲೆನ್ಸ್ ಹಾಕಿಸಿಕೊಂಡಿದ್ದರು. ಪಂಚಾಂಗದ ಸಣ್ಣ ಅಕ್ಷರ ಓದುತ್ತಿದ್ದರು, ಓಣಿಯ ಆಚೆ ನಿಂತ ಸ್ವಂತ ಮಗನಿಗೆ ನಮಸ್ಕಾರ ಎನ್ನುತ್ತಿದ್ದರು. ಇನ್ನೊಬ್ಬಳು ಗಂಗೂಬಾಯಿ, ಹೂವಿನ ವ್ಯಾಪಾರ ಮಾಡಿ ಮಕ್ಕಳನ್ನು ದೊಡ್ಡವರನ್ನಾಗಿ ಮಾಡಿದಾಕೆ. ಅವಳದು ಹಳದಿ ಲೆನ್ಸ್. ಅವ್ವಣ್ಣನದಂತೂ ನೀರಿನಂತೆ ತಿಳಿಯಾದ, ದೂರದ್ದು ಕಾಣುವ ಲೆನ್ಸ್. ಅವನು ನಿಗಡಿಯಿಂದ ಬಸ್ಸಿಗೆ ಬರಲು ತಾನಾಗಿಯೇ ತಯಾರಿದ್ದ; ಮನೆಯಲ್ಲಿ ಅವನ ಜೊತೆ ಯಾರೂ ಇನ್ನೂ ಸರಿಯಾಗಿ ಮಾತಾಡುತ್ತಿರಲಿಲ್ಲ.

ಮೂವರನ್ನೂ ಗಾದಿಯ ಮೇಲೆ ಸಾಲಾಗಿ ಕೂರಿಸಿ ರಾಮಲಿಂಗಪ್ಪ ಒಂದು ಸೀರೆ ಬಿಚ್ಚಿದ. ಪುಣೆಯ ಹೆಂಗಸರು ಚಿಂತಾಮಣಿ ಎನ್ನುವ, ನೀಲಿಗೂ ನೇರಳೆಗೂ ನಡುವಿನ ಬಣ್ಣ.

"ನೀಲಿ ಅದ" ಎಂದ ಅವ್ವಣ್ಣ.

"ಜಾಂಭಳಾ" ಎಂದಳು ಗಂಗೂಬಾಯಿ, ಅಂದರೆ ನೇರಳೆ.

ಮಾರ್ತಾಂಡ ಜೋಶಿ ಸೀರೆಯನ್ನು ಮೂಗಿನ ಹತ್ತಿರ ತಂದು ಬಹಳ ಹೊತ್ತು ನೋಡಿ, ಇದರಲ್ಲಿ ಒಂದು ಎಳೆ ನೀಲಿ, ಒಂದು ಎಳೆ ಕೆಂಪು ಇದೆ, ಸೀರೆ ಎಂಬುದು ನನಗೆ ಕಾಣುತ್ತಿಲ್ಲ ಎಂದರು.

ರಾಮಲಿಂಗಪ್ಪನಿಗೆ ಅದು ಹಳೆಯ ಬೆಲ್ಲದ ಬಣ್ಣಕ್ಕೆ ಹತ್ತಿರವಾಗಿ ಕಂಡಿತು. ಅವನು ಸೀರೆ ಮಡಚಿದ. ನಾಳೆ ಮತ್ತೆ ಬನ್ನಿ ಎಂದ.

ಅವರು ನಾಳೆ ಬಂದರು, ನಾಡಿದ್ದೂ ಬಂದರು. ದೀಪಾವಳಿಯ ಗಿರಾಕಿ ಶುರುವಾದಾಗಲೂ ಗಾದಿ ಬಿಟ್ಟು ಏಳಲಿಲ್ಲ. ಒಂದು ದಿನ ಅತ್ತೆಗೆ ಸೀರೆ ಕೊಳ್ಳಲು ಬಂದ ಹೆಂಗಸೊಬ್ಬಳು ಇವರ ವಾದ ಕೇಳಿಸಿಕೊಂಡು, ನಮ್ಮ ಅತ್ತೆಗೂ ಹಳದಿ ಲೆನ್ಸೇ ಹಾಕಿದ್ದಾರೆ, ಅವರಿಗೆ ಈ ಹಸಿರು ಹೇಗೆ ಕಾಣಬಹುದು ಎಂದು ಗಂಗೂಬಾಯಿಯನ್ನು ಕೇಳಿದಳು. ಗಂಗೂಬಾಯಿ ಅದು ಬೇಡ, ಈ ಕೆಂಪು ತಗೋ ಎಂದಳು. ಅತ್ತೆ ಮೆಚ್ಚಿದಳಂತೆ. ಆ ಸುದ್ದಿ ಹಬ್ಬಿ, ಮೋತಿಬಿಂದು ತೆಗೆಸಿಕೊಂಡ ಹಿರಿಯರಿದ್ದ ಮನೆಯವರೆಲ್ಲ ಈ ಅಂಗಡಿಗೇ ಬರತೊಡಗಿದರು. ನಮ್ಮ ಚಿಕ್ಕಮ್ಮನದು ಮುಂಬೈಯಲ್ಲಿ ಹಾಕಿಸಿದ ಲೆನ್ಸು, ಅದಕ್ಕೆ ಯಾರನ್ನು ಕೇಳಬೇಕು ಎಂದು ಬಾಗಿಲಲ್ಲೇ ವಿಚಾರಿಸುತ್ತಿದ್ದರು. ಮಾಂತು ಗಾದಿಯ ಮೇಲೆ ಒರಗಿಕೊಳ್ಳಲು ಮೂರು ಲೋಡು ಇಟ್ಟು, ಯಾವ ಕಣ್ಣಿನವರು ಎಲ್ಲಿ ಎಂದು ಜಾಗ ಗೊತ್ತುಮಾಡಿದ. ಜಾಗ ತಪ್ಪಿದರೆ ಮಾರ್ತಾಂಡ ಜೋಶಿ ಮುನಿಸಿಕೊಳ್ಳುತ್ತಿದ್ದರು.

ರಾಮಲಿಂಗಪ್ಪ ಮಾತ್ರ ಗಾದಿಯ ಮೂಲೆಯಲ್ಲಿ ಕೂತು, ದಿನದಿಂದ ದಿನಕ್ಕೆ ಹೆಚ್ಚು ಮಂಜಾಗುತ್ತಿದ್ದ ಅಂಗಡಿಯಲ್ಲಿ, ಮೂವರಲ್ಲಿ ಯಾರ ಕಣ್ಣು ಖರೆ ಎಂದು ತೂಗುತ್ತಿದ್ದ. ಅವ್ವಣ್ಣನದು ಎಂದುಕೊಂಡರೆ ಗಂಗೂಬಾಯಿ ಎಷ್ಟು ಗಟ್ಟಿಯಾಗಿ ಹೇಳುತ್ತಾಳೆ ಎನ್ನಿಸುತ್ತಿತ್ತು.

ಇಂಥ ಒಂದು ಸಂಜೆ ಅವನು ಕೋಥರೂಡದ ತನ್ನ ಮನೆಗೆ ಹೋದರೆ ಶಿವಗಂಗವ್ವ ಒಂದು ಕಣ್ಣಿಗೆ ಪಟ್ಟಿ ಕಟ್ಟಿಕೊಂಡು ದಿವಾನದ ಮೇಲೆ ಕೂತಿದ್ದಳು. ಸೊಸೆ ನೀತಾ ಔಷಧಿ ಬಾಟಲಿ ಹಿಡಿದು ನಿಂತಿದ್ದಳು.

"ಏನಾತು?"

"ಆಪರೇಶನ್ ಮಾಡಿಸ್ಕೊಂಡೆ" ಎಂದಳು ಶಿವಗಂಗವ್ವ. "ನೀವು ಕಣ್ಣಿನ ಕೆಲಸದಾಗ ಇದ್ರಿ. ನಡುವ ಯಾಕ ತೊಂದರಿ ಕೊಡೂದಂತ ನೀತಾನ್ನ ಕರ್ಕೊಂಡು ಹೋದೆ."

"ಯಾವುದು ಹಾಕಿಸ್ದಿ?"

"ಕೇಳ್ಲಿಲ್ರಿ. ಎಲ್ಲಾರಿಗೂ ಯಾವುದು ಹಾಕ್ತೀರಿ ಅದನ್ನ ಹಾಕ್ರಿ ಅಂದೆ."

ರಾಮಲಿಂಗಪ್ಪ ಕುರ್ಚಿ ಎಳೆದುಕೊಂಡು ಕೂತ. ದೀಪ ಆರಿಸಿ ಮದುವೆ ಸೀರೆ ಕೊಂಡಂತಾಯಿತು ಎಂದ. ಶಿವಗಂಗವ್ವ ಒಂದು ಕಣ್ಣಿನಲ್ಲೇ ಟಿವಿ ನೋಡಿದಳು.

ಮರುದಿನ ಪಟ್ಟಿ ಬಿಚ್ಚಿಸಿಕೊಂಡು ಬಂದವಳು ಗಂಡನನ್ನು ಬಾಗಿಲಲ್ಲಿ ನಿಲ್ಲಿಸಿ ಬಹಳ ಹೊತ್ತು ನೋಡಿದಳು. ರಾಮಲಿಂಗಪ್ಪನಿಗೆ ಮದುವೆ ಗೊತ್ತುಮಾಡುವ ದಿನ ನೆನಪಾಗಿ ಕತ್ತು ನೆಟ್ಟಗಾಯಿತು.

"ನಿಮ್ಮ ಮೀಸಿಗೆ ಏನ್ ಹಚ್ತೀರಿ?"

"ಕರೀ ಬಣ್ಣ. ಭಾಳ ದಿನದಿಂದ ಹಚ್ತೀನಲ್ಲ."

"ಕರೀ ಅಲ್ಲ ಅದು" ಎಂದು ಅಡುಗೆಮನೆಗೆ ಹೋದಳು.

ಅವನು ಅಲ್ಲಿಂದ ನೇರ ಅಂಗಡಿಗೆ ಹೋಗಿ, ಚಪ್ಪಲಿ ಬಿಡುವ ಮೊದಲೇ ಗಾದಿಯ ಮೇಲಿದ್ದ ಮೂವರ ಮುಂದೆ ಮುಖ ಒಡ್ಡಿ ನಿಂತ. ನನ್ನ ಮೀಸೆ ಯಾವ ಬಣ್ಣ ಎಂದು ಕೇಳಿದ. ಅವ್ವಣ್ಣ ದೂರದಿಂದ ನೋಡಿದ. ಗಂಗೂಬಾಯಿ ತಲೆ ವಾಲಿಸಿ ನೋಡಿದಳು. ಮಾರ್ತಾಂಡ ಜೋಶಿ ಮೂಗಿಗೆ ಮೂಗು ತಾಗುವಷ್ಟು ಹತ್ತಿರ ಬಂದು ನೋಡಿದರು. ಇಷ್ಟು ದಿನ ಯಾವ ಸೀರೆಯ ಬಗ್ಗೆಯೂ ಒಂದಾಗದಿದ್ದ ಮೂವರು ಅಂದು ಒಂದಾದರು.

"ಚಿಂತಾಮಣಿ."

ರಾಮಲಿಂಗಪ್ಪ ಮಾಂತುವಿನ ಕಡೆ ತಿರುಗಿದ. "ನಿನಗ ಗೊತ್ತಿತ್ತು?"

"ಛಲೋ ಕಾಣ್ತಿತ್ತಣ್ಣಾ" ಎಂದ ಮಾಂತು.

ಹೆಂಡತಿಯ ಕಣ್ಣಿನ ಮೇಲೆ ರಾಮಲಿಂಗಪ್ಪನಿಗೆ ಗೌರವ ಹುಟ್ಟಿತು. ನಾಲ್ಕನೆಯ ಲೋಡು ಹಾಕಿಸುತ್ತೇನೆ, ಅಂಗಡಿಗೆ ಬಾ ಎಂದು ಕರೆದ. ಅವಳು ಬರಲಿಲ್ಲ. "ಕಣ್ಣು ನನ್ನ ಸಲುವಾಗಿ ಹಾಕಿಸ್ಕೊಂಡೀನಿ. ನಿಮ್ಮ ಸೀರಿ ಸಲುವಾಗಿ ಅಲ್ಲ" ಎಂದಳು. ಎರಡನೆಯ ಕಣ್ಣನ್ನೂ ಹಾಗೆಯೇ ಒಂದು ದಿನ ಹೋಗಿ ಮಾಡಿಸಿಕೊಂಡು ಬಂದಳು.

ಸಂಕ್ರಾಂತಿ ಕಳೆದ ಮೇಲೆ ಒಂದು ಮಧ್ಯಾಹ್ನ ದವಾಖಾನೆಯ ಸ್ವರ್ಣಲತಾ ಅಂಗಡಿಗೆ ಬಂದಳು. ಲೆನ್ಸಿನ ವಿಚಾರಕ್ಕಲ್ಲ, ಅವಳ ಮದುವೆ ಗೊತ್ತಾಗಿತ್ತು. ರಾಮಲಿಂಗಪ್ಪ ಕಪಾಟು ಕಪಾಟು ಇಳಿಸಿದ. ಅವಳು ಮೊದಲನೆಯದನ್ನು ಮೆಚ್ಚಲಿಲ್ಲ. ಎರಡನೆಯದನ್ನು ಮುಟ್ಟಲಿಲ್ಲ. ಅಂಚು ಅಗಲವಾಯಿತು ಎಂದಳು, ಸೆರಗು ಕಡಿಮೆಯಾಯಿತು ಎಂದಳು. ಅವ್ವಣ್ಣ ಒಂದು ಬಣ್ಣ ಹೇಳಿದರೆ ಗಂಗೂಬಾಯಿ ಇನ್ನೊಂದು ಹೇಳಿ ಅವಳನ್ನು ಮತ್ತಷ್ಟು ಗೊಂದಲಕ್ಕೆ ಕೆಡವಿದಳು. ಗಾದಿ ಪೂರಾ ಸೀರೆಯಡಿ ಮುಚ್ಚಿಹೋಗಿ ಮಾರ್ತಾಂಡ ಜೋಶಿ ಎದ್ದು ನಿಲ್ಲಬೇಕಾಯಿತು. ಬಿಸಿಲು ಇಳಿಯುವ ಹೊತ್ತಿಗೆ ಅವಳು ಚೀಲ ಹೆಗಲಿಗೇರಿಸಿ, "ಮನ್ಯಾಗ ಕೇಳಿ ಬರ್ತೀನಿ ಕಾಕಾ" ಎಂದಳು.

"ಮನ್ಯಾಗೇನ್ ಕೇಳ್ತಿ, ಉಡಾಕಿ ನೀನು. ಇಷ್ಟೊತ್ತನಾಗ ಒಂದ್ ಸೀರಿ ಆರಸಾಕ ಆಗ್ಲಿಲ್ಲೇನು?"

"ನೀವು ಮಳೆಗಾಲದಿಂದ ಒಂದ್ ಲೆನ್ಸ್ ಆರಿಸಿಲ್ರಿ ಕಾಕಾ."

ಮಾಂತು ತಲೆಯ ಮೇಲಿನ ಫ್ಯಾನು ನೋಡಿದ. ಹುಡುಗಿಗೂ ತಾನು ಹೆಚ್ಚು ಮಾತಾಡಿದೆ ಅನ್ನಿಸಿರಬೇಕು. ಬಾಗಿಲ ಹತ್ತಿರ ಹೋದವಳು ಮರಳಿ ಬಂದು ಗಾದಿಯ ಅಂಚಿಗೆ ಕೂತಳು.

"ಒಂದ್ ಕೆಲಸ ಮಾಡೂಣ್ರಿ" ಎಂದಳು. "ನನ್ನ ಸೀರಿ ನೀವು ಆರಸ್ರಿ, ನಾ ಏನೂ ಮಾತಾಡೂದಿಲ್ಲ. ನಿಮ್ಮ ಲೆನ್ಸ್ ನಾನೂ ಡಾಕ್ಟರೂ ಕೂಡಿ ಆರಸ್ತೀವಿ. ನೀವೂ ಮಾತಾಡಬಾರದು."

ರಾಮಲಿಂಗಪ್ಪ ವಿಚಾರ ಮಾಡಿದ. ವ್ಯಾಪಾರದಲ್ಲಿ ಇಂಥ ಮಾತು ಅವನು ಕೇಳಿರಲಿಲ್ಲ. ಆದರೆ ಮೋಸ ಎಲ್ಲಿದೆ ಎಂದು ಹುಡುಕಿದರೆ ಸಿಗಲಿಲ್ಲ. ಕಣ್ಣು ಹೇಗೂ ನಂಬುವಂತಿರಲಿಲ್ಲ, ಮುಚ್ಚಿಕೊಂಡ. ಎರಡೂ ಕೈಯನ್ನು ಸೀರೆಯ ರಾಶಿಯೊಳಗೆ ಇಳಿಸಿ, ಒಂದೊಂದರ ಮೈ ಸವರುತ್ತ, ಬೆರಳಿನ ನಡುವೆ ಅಂಚು ಉಜ್ಜುತ್ತ ಹೋದ. ತಳದಲ್ಲಿದ್ದ ಒಂದು ಸೀರೆಯ ಮೇಲೆ ಕೈ ನಿಂತಿತು. ಎಳೆದು ಅವಳ ಮಡಿಲಿಗೆ ಹಾಕಿದ.

"ಇದು."

"ಯಾವ ಬಣ್ಣ ಕಾಕಾ ಇದು?"

"ಅದನ್ನ ನನಗ ಕೇಳಬ್ಯಾಡ. ನಿನ್ನ ಮಗಳೂ ಉಡ್ತಾಳ ಇದನ್ನ."

ಸ್ವರ್ಣಲತಾ ಸೀರೆ ನೋಡಿ ಮುಖ ಅರಳಿಸಿದಳು ಎಂದು ಮಾಂತು ಆಮೇಲೆ ಹೇಳಿದ. ರಾಮಲಿಂಗಪ್ಪನಿಗೆ ಮುಖ ಸರಿಯಾಗಿ ಕಂಡಿರಲಿಲ್ಲ.

ಕೊಟ್ಟ ಮಾತಿನಂತೆ ಅವನು ಬಲಗಣ್ಣಿನ ಶಸ್ತ್ರಕ್ರಿಯೆಗೆ ಹೋದ. ಯಾವ ಲೆನ್ಸ್ ಎಂದು ಕೇಳಲಿಲ್ಲ. ಮೇಜಿನ ಮೇಲೆ ಮಲಗಿದಾಗ ಮಾತ್ರ ತಡೆಯಲಾರದೆ, ಒಳಗೆ ಹೋದ ಮೇಲೆ ಸ್ವಲ್ಪ ಜಾಡಿಸಿ ಬಿಚ್ಚಿರಿ ಎಂದು ಡಾಕ್ಟರಿಗೆ ಮರಾಠಿಯಲ್ಲಿ ಹೇಳಿದ. ಡಾಕ್ಟರು ಆಗಲಿ ಎಂದರು.

ಪಟ್ಟಿ ಬಿಚ್ಚಿದ ದಿನ ಅಂಗಡಿಯಲ್ಲಿ ಎಲ್ಲರೂ ಕಾದು ಕೂತಿದ್ದರು. ಮಾಂತು ಚಿಂತಾಮಣಿ ಸೀರೆಯನ್ನು ಗಾದಿಯ ನಡುವೆ ಹಾಸಿದ. ರಾಮಲಿಂಗಪ್ಪ ಬಗ್ಗಿ ನೋಡಿದ. ನೋಡುತ್ತ ಅವನ ಮುಖ ಗಂಟಿಕ್ಕಿತು.

"ಇದು ಬ್ಯಾರೆ ಸೀರಿ ಅದ."

"ಅದ ಸೀರಿ ಅಣ್ಣಾ."

"ಮಾಂತು, ನಾ ದವಾಖಾನ್ಯಾಗ ಇದ್ದಾಗ ಮಾಲು ಬದಲಿ ಮಾಡೀರಿ. ಅದು ಬೆಲ್ಲದ ಬಣ್ಣ ಇತ್ತು. ಇದನ್ನ ನಾ ಎಂದೂ ನೋಡಿಲ್ಲ."

ಅವ್ವಣ್ಣ ಆಣೆ ಮಾಡಿದ. ಗಂಗೂಬಾಯಿ ಸೀರೆಯ ಮೇಲಿದ್ದ ಚಹಾದ ಕಲೆ ತೋರಿಸಿದಳು. ಆ ಚಹಾ ಹಿಂದೊಮ್ಮೆ ಅವಳೇ ಕೆಡವಿದ್ದು. ರಾಮಲಿಂಗಪ್ಪ ಒಪ್ಪಲಿಲ್ಲ. ಕಣ್ಣಿಗೆ ನೀರು ಬಂತೆಂದು ಬಲಗಣ್ಣನ್ನು ಅಂಗೈಯಿಂದ ಮುಚ್ಚಿದ. ಕೂಡಲೇ ಹಳೆಯ ಸೀರೆ ಮರಳಿ ಬಂತು. ಕೈ ತೆಗೆದ, ಹೊಸದು ಬಂತು. ಮುಚ್ಚಿದ. ತೆಗೆದ. ಎಡಗಣ್ಣು ಮುಚ್ಚಿ ಕಪಾಟುಗಳ ಮುಂದೆ ನಡೆದಾಡಿದ, ಬಲಗಣ್ಣು ಮುಚ್ಚಿ ಮರಳಿ ಬಂದ. ತಾನು ಎರಡು ಅಂಗಡಿಯ ಮಾಲೀಕ ಎಂಬುದು ಅವನಿಗೆ ಗೊತ್ತಾಗುವ ಹೊತ್ತಿಗೆ ಊಟದ ಹೊತ್ತು ಮೀರಿತ್ತು. ಒಂದು ಅಂಗಡಿಯಲ್ಲಿ ದೀಪ ಹಚ್ಚಿತ್ತು. ಇನ್ನೊಂದರಲ್ಲಿ ಇಷ್ಟು ವರ್ಷ ಅವನು ಬಾಳಿದ್ದ. ಅವನು ಆ ಸೀರೆಯನ್ನು ತೊಡೆಯ ಮೇಲಿಟ್ಟುಕೊಂಡು ಸಂಜೆತನಕ ಕೂತ.

ಎಡಗಣ್ಣಿಗೆ ಯಾವಾಗ ಬರುತ್ತೀರಿ ಎಂದು ಡಾಕ್ಟರು ಕೇಳಿದಾಗ ಅವನ ಉತ್ತರ ತಯಾರಿತ್ತು. "ಅದು ಇರಲ್ರಿ. ನಮೂನಿಗೆ ಬೇಕು."

ಸೀರೆ ವ್ಯಾಪಾರಿ ಹಳೆಯ ಮಾಲು ಪೂರಾ ಮಾರುವುದಿಲ್ಲ, ಬಣ್ಣದ ನಮೂನೆಗೆ ಒಂದು ತುಂಡು ತೆಗೆದಿಡುತ್ತಾನೆ, ಇದು ಹಾಗೆ ಎಂದು ವಿವರಿಸಿದ. ಪೊರೆ ಕಲ್ಲಾದರೆ ತೆಗೆಯುವುದು ಕಷ್ಟ ಎಂದು ಡಾಕ್ಟರು ಹೆದರಿಸಿದರು. ಅವನು ಕೇಳಿಸಿಕೊಂಡ, ನಮಸ್ಕಾರ ಮಾಡಿದ, ಹೊರಗೆ ಬಂದ.

ನಮೂನೆ ಉಪಯೋಗಕ್ಕೂ ಬಂತು. ಎಷ್ಟೋ ವರ್ಷದ ಹಿಂದೆ ತನ್ನಲ್ಲೇ ಕೊಂಡ ಸೀರೆಯನ್ನು ಮನೆಯಲ್ಲೇ ಬಿಟ್ಟು, ಅವನು ಅಂದು ಹೇಳಿದ್ದ ಬಣ್ಣದ ಹೆಸರಷ್ಟೇ ಹೇಳಿ ಅದಕ್ಕೆ ಹೊಂದುವ ಕುಪ್ಪಸದ ಖಣ ಕೇಳಲು ಯಾರಾದರೂ ಬಂದರೆ ರಾಮಲಿಂಗಪ್ಪ ಬಲಗಣ್ಣು ಮುಚ್ಚಿ, ಆ ಹೆಸರಿನಂತೆ ಕಾಣುವ ಖಣ ಹುಡುಕಿ, ಆಮೇಲೆ ಎಡಗಣ್ಣು ಮುಚ್ಚಿ ಅದರ ನಿಜ ಬಣ್ಣ ನೋಡಿಕೊಂಡು ಕೊಡುತ್ತಿದ್ದ. ಹೊಂದದೆ ಹೋದದ್ದಿಲ್ಲ. ಗಾದಿಯ ಮೇಲಿನ ಮೂವರಿಗೆ ಮಾತ್ರ ಇದು ಸೇರಲಿಲ್ಲ. ಒಬ್ಬನೇ ಇಬ್ಬರ ಕೆಲಸ ಮಾಡಿದರೆ ನಾವೇಕೆ ಎಂದು ಮಾರ್ತಾಂಡ ಜೋಶಿ ಒಂದು ವಾರ ಬರಲಿಲ್ಲ. ಮಾಂತು ಹೋಗಿ ಕರೆತಂದ.

ಮುಂದಿನ ಚೈತ್ರದಲ್ಲಿ ಸಂಬಂಧಿಕರ ಮದುವೆಗೆ ಹೊರಡುವ ಮುಂಜಾನೆ ಶಿವಗಂಗವ್ವ ಹೊಸ ಸೀರೆ ಉಟ್ಟು ಕೋಣೆಯಿಂದ ಹೊರಬಂದು, "ಹೆಂಗ ಕಾಣ್ತದ್ರಿ?" ಎಂದಳು. ಅವಳು ಹಾಗೆ ಕೇಳಿ ವರ್ಷಗಳೇ ಆಗಿದ್ದವು.

ರಾಮಲಿಂಗಪ್ಪ ಕುರ್ಚಿ ಸರಿಸಿ ಎದ್ದು ನಿಂತ. ಎಡಗಣ್ಣು ಮುಚ್ಚಿ ನೋಡಿದ. ಎದುರಿಗೆ ನರೆತ ಕೂದಲಿನ, ಕೆನ್ನೆಯ ಮೇಲೆ ಸಣ್ಣ ಸಣ್ಣ ಗೆರೆಗಳಿದ್ದ ಹೆಂಗಸೊಬ್ಬಳು ನವಿಲುಗರಿ ಬಣ್ಣದ ಸೀರೆಯಲ್ಲಿ ನಿಂತಿದ್ದಳು. ಬಲಗಣ್ಣು ಮುಚ್ಚಿದ. ಗೆರೆಗಳೆಲ್ಲ ಅಳಿಸಿಹೋಗಿ, ಮೈತುಂಬ ಅರಿಷಿಣ ಹಚ್ಚಿದಂಥ ಒಬ್ಬಳು ನಿಂತಿದ್ದಳು. ಅವಳನ್ನೂ ಅವನು ಬಲ್ಲ. ಮತ್ತೆ ಮೊದಲನೆಯವಳನ್ನು ನೋಡಿದ. ಯಾರ ಬಗ್ಗೆ ಹೇಳಬೇಕು, ಇನ್ನೊಬ್ಬಳಿಗೆ ಬೇಸರವಾಗದಂತೆ ಹೇಗೆ ಹೇಳಬೇಕು ಎಂದು ಅವನಿಗೆ ತಿಳಿಯಲಿಲ್ಲ.

ಹೊರಗೆ ರಿಕ್ಷಾ ಬಂದು ನಿಂತಿತು. ನೀತಾ ಕೆಳಗಿನಿಂದ ಕೂಗಿದಳು. ಶಿವಗಂಗವ್ವ ಇನ್ನೊಂದು ಗಳಿಗೆ ಕಾದಳು.

"ನೀವು ವಿಚಾರ ಮಾಡ್ಕೋತ ಬಸ್ಸಿಗೆ ಬರ್ರಿ" ಎಂದು ಚಪ್ಪಲಿ ಮೆಟ್ಟಿ ಹೋದಳು.

ರಾಮಲಿಂಗಪ್ಪ ಒಂದು ಕಣ್ಣು ಮುಚ್ಚಿಕೊಂಡೇ ಬಾಲ್ಕನಿಗೆ ಹೋಗಿ, ರಿಕ್ಷಾ ತಿರುವು ದಾಟುವತನಕ ನೋಡಿದ. ಆಮೇಲೆ ಬಾಗಿಲಿಗೆ ಬೀಗ ಹಾಕಿ ಬಸ್ ಸ್ಟಾಪಿಗೆ ನಡೆದ.